ಮರುಪಟ್ಟಿಲ್ಲದ ಪಟ್ಟು

ನಕಾಚಿ ಬುನ್ಸೇ ನನಗಿಂತ ಮೂರು ವರ್ಷಕ್ಕೆ ದೊಡ್ಡವನು. ಅದಕ್ಕೇ ಅವನನ್ನು ಅಣ್ಣ ಅಂತ ಕರೆಯುತ್ತಾ ಬಂದೆ. ಒಡಹುಟ್ಟಿದವನೇನಲ್ಲ. ಹದಿನಾರನೇ ವಯಸ್ಸಿನಿಂದ ಒಬ್ಬರೇ ಮೇಷ್ಟ್ರ ಕೈಯಲ್ಲಿ ಒದೆ ತಿಂದವರು ನಾವು, ಆ ಲೆಕ್ಕದಲ್ಲಿ ಅಣ್ಣ. ಅವನ ಮೇಲೆ ನನಗೆ ನಲವತ್ತು ವರ್ಷ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆ ಯಾರೋ ಹೇಳಿ ಗೊತ್ತಾಗುವುದಕ್ಕಿಂತ ನನ್ನ ಬಾಯಿಂದಲೇ ಬರುವುದು ವಾಸಿ.

ಅವನದು ಹೆಂಚು ಹೊದಿಸುವ ಕೆಲಸ. ನಮ್ಮ ದ್ವೀಪದ ಈ ಯೊನಾಬಾರು ಊರಿನ ಮಣ್ಣೇ ಕೆಂಪು ಹೆಂಚಿನ ಮಣ್ಣು. ಹೆಂಚಿನ ಸಂದಿಗೆ ಸುಣ್ಣದ ಗಾರೆ ತುಂಬಿ, ಎಂಥ ಚಂಡಮಾರುತ ಬಂದರೂ ಒಂದೂ ಏಳದ ಹಾಗೆ ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ನಾನು ಬಸ್ಸು ಓಡಿಸುತ್ತಿದ್ದೆ. ಯೊನಾಬಾರಿನಿಂದ ನಾಹಾ ಪಟ್ಟಣಕ್ಕೆ, ನಾಹಾದಿಂದ ಯೊನಾಬಾರಿಗೆ, ಮೂವತ್ತೊಂದು ವರ್ಷ. ಸಂಜೆ ಇಬ್ಬರೂ ಅವನ ಮನೆಯಂಗಳದಲ್ಲಿ ಸೇರುತ್ತಿದ್ದೆವು. ನಮ್ಮಿಬ್ಬರಿಗೂ ಕರಾಟೆ ಕಲಿಸಿದ ಓಮಿನೆ ಮೇಷ್ಟ್ರು ತೀರಿಕೊಂಡ ಮೇಲೆ ಆ ಅಂಗಳವೇ ನಮ್ಮ ಗರಡಿಯಾಯಿತು, ಬುನ್ಸೇ ಮೇಷ್ಟ್ರಾದ. ಒಂದು ಕಡೆ ಹೆಂಚಿನ ಅಟ್ಟಿ, ಇನ್ನೊಂದು ಕಡೆ ಹುಲ್ಲಿನ ಹಗ್ಗ ಸುತ್ತಿದ ಗುದ್ದುವ ಕಂಬ, ನಡುವೆ ಹದಿನೈದು ಜನ ನಿಲ್ಲುವಷ್ಟು ಸಿಮೆಂಟು ನೆಲ.

ಈಗ ಕರಾಟೆ ಅಂದರೆ ಜನಕ್ಕೆ ಮೆಡಲು ನೆನಪಾಗುತ್ತದೆ. ಬುನ್ಸೇಗೆ ಮೆಡಲಿನ ಹೆಸರೆತ್ತಿದರೆ ಮೈಯೆಲ್ಲ ಉರಿ. ವರಸೆಯನ್ನು ಚೆಂದವಾಗಿ ಮಾಡಿ ತೋರಿಸಿದರೆ ಸಾಲದು, ಅದರ ಒಂದೊಂದು ಚಲನೆಯನ್ನೂ ಬಿಡಿಸಿ ನೋಡಬೇಕು, ಎದುರಿಗಿರುವವನ ಮೈಗೆ ಅದು ಏನು ಮಾಡುತ್ತದೆ ಅಂತ ಗೊತ್ತಿರಬೇಕು. ಯಾರಾದರೂ ಹೊಸಬ ಗಾಳಿಯಲ್ಲಿ ಕೈ ಬೀಸಿದರೆ ಹತ್ತಿರ ಹೋಗಿ ನಿಲ್ಲುತ್ತಿದ್ದ.

"ಈ ಕೈ ಎತ್ತಿದೀಯಲ್ಲ, ಇದು ಯಾರ ಮೇಲೆ?"

ಅವನು ತಡವರಿಸಿದರೆ, "ನೊಣ ಓಡಿಸ್ತಿದೀಯಾ ಅನ್ನು. ಅದನ್ನ ಮನೇಲೇ ಮಾಡ್ಬೋದಿತ್ತು, ಇಷ್ಟು ದೂರ ಯಾಕೆ ಬಂದೆ?" ಅನ್ನುತ್ತಿದ್ದ.

ಅವನ ಅಭ್ಯಾಸವೂ ಹಾಗೇ. ಜಗಳ ಬಯಲಲ್ಲಿ ನಮಸ್ಕಾರ ಹೇಳಿ ಶುರುವಾಗುವುದಿಲ್ಲ ಅನ್ನುವುದು ಅವನ ವಾದ. ಹಾಗಾಗಿ ಊಟದ ಮೇಜಿನ ಹಿಂದೆ ಸಿಕ್ಕಿಕೊಂಡು ಅಭ್ಯಾಸ, ಬಾಗಿಲ ಸಂದಿಯಲ್ಲಿ ಅಭ್ಯಾಸ, ಒದ್ದೆ ಚಪ್ಪಲಿಯಲ್ಲಿ, ಒಂದು ಕೈಯಲ್ಲಿ ಮೀನಿನ ಚೀಲ ಹಿಡಿದುಕೊಂಡು ಅಭ್ಯಾಸ. ಚೀಲದಲ್ಲಿ ನಿಜವಾದ ಮೀನೇ ಇರಬೇಕು, ಅದೂ ಅವತ್ತಿನ ಅಡಿಗೆಯದು. ಕೆಳಗೆ ಬೀಳಿಸಿದವನ ಮನೆಯಲ್ಲಿ ಆ ರಾತ್ರಿ ಸಾರಿಲ್ಲ. ನಾನು ಎಷ್ಟು ಸಲ ಹೆಂಡತಿಯ ಹತ್ತಿರ ಬೈಸಿಕೊಂಡಿದ್ದೇನೋ.

ನನ್ನ ಹೊಟ್ಟೆಕಿಚ್ಚಿನ ವಿಷಯಕ್ಕೆ ಬರುತ್ತೇನೆ. ನಮ್ಮ ವರಸೆಯೊಂದರ ಕೊನೆಯಲ್ಲಿ ಎರಡೂ ಕೈಯನ್ನು ಎದೆಯ ಹತ್ತಿರ ತಂದು ಮೆಲ್ಲಗೆ ಮಡಚುವ ಚಲನೆಯೊಂದಿದೆ. ನೋಡುವವರಿಗೆ ಬೆಸ್ತರವನು ಬಲೆ ಮಡಚಿದ ಹಾಗೆ ಕಾಣುತ್ತದೆ. ಅದನ್ನು ಬಿಡಿಸಿದರೆ ಒಂದು ಪಟ್ಟು ಸಿಗುತ್ತದೆ. ಆ ಪಟ್ಟನ್ನು ಒಬ್ಬ ಮೇಷ್ಟ್ರು ತನ್ನ ಜೀವಮಾನದಲ್ಲಿ ಒಬ್ಬ ಶಿಷ್ಯನಿಗೆ ಮಾತ್ರ ಕೊಡುವುದು. ಬಾಗಿಲು ಹಾಕಿ, ಮನೆಯ ಹಿರಿಯರ ಹೆಸರಿನ ಫಲಕಗಳ ಮುಂದೆ, ಒಂದೇ ಸಲ. ಓಮಿನೆ ಮೇಷ್ಟ್ರು ಅದನ್ನು ಬುನ್ಸೇಗೆ ಕೊಟ್ಟರು, ನನಗಲ್ಲ. ಆಗ ನನಗೆ ಇಪ್ಪತ್ತನಾಲ್ಕು. ಅವನಿಗಿಂತ ನನ್ನ ಒದೆ ಜೋರಿತ್ತು, ನನ್ನ ಹಾಜರಿ ಹೆಚ್ಚಿತ್ತು, ಮೇಷ್ಟ್ರ ಹಂದಿಗಳಿಗೆ ಕಲಗಚ್ಚು ಹೊತ್ತದ್ದೂ ನಾನೇ. ಬುನ್ಸೇ ಬಾಗಿಲು ತೆಗೆದು ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಮೂರು ದಿನ ಅವನ ಎಡಗೈಯ ಕೊನೆಯ ಎರಡು ಬೆರಳು ಮಡಚಲಿಲ್ಲ, ಕರಣೆ ಹಿಡಿದರೆ ಜಾರಿ ಬೀಳುತ್ತಿತ್ತು. ಮೈಮೇಲೆ ಒಂದು ಗುರುತಾದರೂ ಇದೆಯೇ ಅಂತ ನಾನು ಕದ್ದು ಕದ್ದು ನೋಡಿದೆ. ಏನೂ ಇರಲಿಲ್ಲ.

ಬುನ್ಸೇಗೆ ಒಬ್ಬಳೇ ಮಗಳು, ಇಕುಯೊ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಅಂಗಳದ ಮೂಲೆಯಲ್ಲಿ ಕೂತು ನೋಡಿ ನೋಡಿಯೇ ಎಲ್ಲ ವರಸೆಗಳನ್ನೂ ಕಲಿತಳು. ಹದಿನೈದಕ್ಕೆ ಅವಳು ವರಸೆ ಮಾಡಿದರೆ ನಾವು ಗಂಡಸರು ಮುಖ ಮುಖ ನೋಡಿಕೊಳ್ಳಬೇಕು, ಹಾಗೆ ಮಾಡುತ್ತಿದ್ದಳು. ಆದರೆ ಬಿಡಿಸುವುದನ್ನು ಮಾತ್ರ ಬುನ್ಸೇ ಅವಳಿಗೆ ಹೇಳಿಕೊಡಲಿಲ್ಲ.

"ಹುಡುಗೀಗೆ ಒಂದೆರಡಾದ್ರೂ ಹೇಳ್ಕೊಡೋ ಅಣ್ಣ," ಅಂತ ನಾನು ಕೇಳಿದ್ದುಂಟು.

"ಅವಳ ಮೈ ಮುಟ್ಟೋಕೆ ಯಾವನಿಗಿದೆ ಧೈರ್ಯ, ನಾನಿಲ್ವಾ?" ಅಂದ. ಇದ್ದ, ನಿಜ. ಎದೆಯುಬ್ಬಿಸಿಕೊಂಡು ಇದ್ದ.

ಗಿಬೊ ಮಸಾತೊ ಗರಡಿಗೆ ಬಂದದ್ದು ತನ್ನ ಇಪ್ಪತ್ತೊಂದನೇ ವಯಸ್ಸಿನಲ್ಲಿ. ವೈರಿಂಗ್ ಕೆಲಸದವನು. ತಗ್ಗಿದ ದನಿ, ತಗ್ಗಿದ ತಲೆ. ಬುನ್ಸೇಯ ಗಾರೆ ಬಕೆಟ್ಟನ್ನು ಕೇಳದೆಯೇ ಎತ್ತಿಕೊಂಡು ಹೋಗುತ್ತಿದ್ದ. ಕೆಲಸವೂ ಚೊಕ್ಕ, ವರಸೆಯೂ ಚೊಕ್ಕ, ಬಿಡಿಸುವುದರಲ್ಲಿ ಎಲ್ಲರಿಗಿಂತ ಚುರುಕು. ಇಕುಯೊಗೂ ಅವನಿಗೂ ಮದುವೆಯಾದಾಗ ಊರೆಲ್ಲ ಕುಣಿಯಿತು, ನಾನೂ ಅವಮೊರಿ ಕುಡಿದು ಕೈಯೆತ್ತಿ ಕುಣಿದೆ. ಒಂದು ಹೆಣ್ಣುಮಗುವಾಯಿತು. ಆಮೇಲೆ ಬುನ್ಸೇಯ ಮಂಡಿ ಕೆಟ್ಟು ಮಾಡು ಹತ್ತುವುದು ನಿಂತಿತು. ಆ ವರ್ಷ ಒಂದು ಭಾನುವಾರ, ಎಲ್ಲರನ್ನೂ ಕಳಿಸಿ, ಬಾಗಿಲು ಹಾಕಿ, ಆ ಪಟ್ಟನ್ನು ಅಳಿಯನಿಗೆ ಕೊಟ್ಟ. ಮಸಾತೊ ಮಾರನೇ ದಿನ ಎಡಗೈಯಲ್ಲಿ ಬಟ್ಟಲು ಎತ್ತಲಾರದೆ ಬಗ್ಗಿ ಸೋಬಾ ಶಾವಿಗೆ ತಿಂದದ್ದನ್ನು ನಾನೇ ಕಂಡೆ. ಎರಡು ತಿಂಗಳು ನಾನು ಗರಡಿಯ ಕಡೆ ತಲೆ ಹಾಕಲಿಲ್ಲ. ಮಂಡಿನೋವು ಅಂತ ಹೇಳಿಕಳಿಸಿದೆ. ಮಂಡಿನೋವು ಅವನಿಗಿತ್ತು, ನನಗಿದ್ದದ್ದು ಬೇರೆ.

ಮಾರನೇ ವರ್ಷದ ಏಪ್ರಿಲ್‌ನಲ್ಲಿ ಶೀಮೀ. ಹಿರಿಯರ ಸಮಾಧಿಯ ಮುಂದೆ ಚಾಪೆ ಹಾಸಿ, ಎಡೆಯಿಟ್ಟು, ಮನೆಮಂದಿಯೆಲ್ಲ ಅಲ್ಲೇ ಕೂತು ಉಣ್ಣುವ ದಿನ. ನನ್ನ ಕೋಪ ಅಷ್ಟರಲ್ಲಿ ಇಳಿದಿತ್ತು, ಬುನ್ಸೇ ಕರೆದ, ಹೋದೆ. ಬಿಸಿಲಿತ್ತು. ಹಂದಿಮಾಂಸದ ತುಂಡು, ಕರಿದ ತೊಫು, ಮೀನಿನ ಬಜ್ಜಿ ತುಂಬಿದ ಪೆಟ್ಟಿಗೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಇಕುಯೊ ಬಲಗೈಯಲ್ಲಿ ಹಿಡಿದು, ಎಡ ಮೊಳಕೈಯನ್ನು ಅಡಿಗೆ ಕೊಟ್ಟು ಇಸಿದುಕೊಂಡಳು. ಮಲ್ಲಿಗೆ ಚಹಾದ ಲೋಟ ಹಿಡಿದಾಗ ಎಡಗೈಯ ಕೊನೆಯ ಎರಡು ಬೆರಳು ಲೋಟಕ್ಕೆ ತಾಗದೆ ಬೇರೆಯೇ ನಿಂತಿದ್ದವು.

ನಾನು ಬುನ್ಸೇಯ ಮುಖ ನೋಡಿದೆ. ಅವನು ಆ ಬೆರಳುಗಳನ್ನು ನೋಡುತ್ತಿದ್ದ. ಬಾಯಲ್ಲಿದ್ದ ತುತ್ತು ಹಾಗೇ ಇತ್ತು. ಪಕ್ಕದಲ್ಲಿ ಮಸಾತೊ ಯಾರದೋ ಅಜ್ಜಿಗೆ ಬಜ್ಜಿ ಬಡಿಸುತ್ತಿದ್ದ, "ಇನ್ನೊಂದು ಹಾಕ್ಲಾ ಅಜ್ಜಿ, ಇದು ಸಣ್ಣದು," ಅನ್ನುತ್ತಾ.

ಮಾರನೇ ದಿನ ಬೆಳಿಗ್ಗೆ ಬುನ್ಸೇ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕೂತ.

"ನೀನೂ ನೋಡ್ದೆ ತಾನೆ?" ಅಂದ.

"ನೋಡ್ದೆ."

"ಈ ದ್ವೀಪದಲ್ಲಿ ಹಾಗೆ ಮಾಡೋಕೆ ಬರೋದು ಇಬ್ಬರಿಗೇ ಕಣೋ ತೊಕೇಶಿ. ನಾನಂತೂ ಅಲ್ಲ."

ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನನಗೆ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಅವನಿಗೆ ಹೇಳಬೇಕು ಅನ್ನಿಸಿತು, ನಿಜ. ಅಷ್ಟು ಕೆಟ್ಟವನು ನಾನು.

ಅವನು ಮಗಳನ್ನು ಕೇಳಿದ. "ವಾಷಿಂಗ್ ಮೆಷಿನ್ ಎಳೆದೆ ಅಪ್ಪ, ನರ ಹಿಡ್ಕೊಂಡಿದೆ," ಅಂದಳು. ನಾಹಾದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಚಿತ್ರ ತೆಗೆಸಿ, ಮೂಳೆ ಚೆನ್ನಾಗಿದೆ, ಚರ್ಮದ ಮೇಲೆ ಗೀರೂ ಇಲ್ಲ, ಭಾರ ಎತ್ತಬೇಡಿ ಅಂದರು. ಇಕುಯೊ ಅವರ ಮುಂದೆಯೂ ವಾಷಿಂಗ್ ಮೆಷಿನ್ನನ್ನೇ ಹೇಳಿದಳು. ಪೊಲೀಸ್ ಚೌಕಿಗೂ ಹೋದ. ಅಲ್ಲಿದ್ದವನು ಒಳ್ಳೆಯವನೇ, ಚಹಾ ಕೊಟ್ಟು ಕೂರಿಸಿ ಕೇಳಿದನಂತೆ, "ಗಾಯ ಎಲ್ಲಿದೆ ತಾತ?" ಗಾಯ ಆಗದ ಹಾಗೆ ಮಾಡುವ ವಿದ್ಯೆ ಅದು ಅಂತ ಬುನ್ಸೇ ವಿವರಿಸಿದ. ವಿವರಿಸುತ್ತಾ ವಿವರಿಸುತ್ತಾ ಅವನಿಗೇ ತನ್ನ ಮಾತು ಕಟ್ಟುಕತೆಯ ಹಾಗೆ ಕೇಳಿಸಿತಂತೆ. ಎದ್ದು ಬಂದ.

ಕೊನೆಗೆ ಅಳಿಯನನ್ನೇ ಕರೆದು ಕೂರಿಸಿದ. ಆ ದಿನ ನಾನೂ ಇದ್ದೆ. ಬುನ್ಸೇ ಎರಡೇ ಮಾತು ಕೇಳಿದ್ದು. ಮಸಾತೊ ಚಾಪೆಗೆ ಹಣೆ ಹಚ್ಚಿಬಿಟ್ಟ. ಅತ್ತ. "ತಪ್ಪಾಯ್ತು ಮೇಷ್ಟ್ರೇ, ಕೋಪದಲ್ಲಿ ಕೈ ಮುಂದೆ ಹೋಯ್ತು, ಇನ್ನು ಮುಟ್ಟಿದ್ರೆ ನನ್ನ ಕೈ ಕಡೀರಿ," ಅಂದ. ಆ ಅಳು ಸುಳ್ಳಾಗಿರಲಿಲ್ಲ, ನನಗೀಗಲೂ ಹಾಗೇ ಅನಿಸುತ್ತದೆ. ಅದೇ ಕಷ್ಟ. ಪೂರ್ತಿ ಕೆಟ್ಟವನಾಗಿದ್ದರೆ ಎಷ್ಟು ಸಲೀಸಿತ್ತು. ಎರಡು ತಿಂಗಳು ಎಲ್ಲ ಸರಿಯಿತ್ತು. ಮೂರನೇ ತಿಂಗಳು ಒಂದು ಭಾನುವಾರ ಇಕುಯೊ ಗರಡಿಯವರಿಗೆ ಚಹಾ ತಂದಾಗ ತಟ್ಟೆ ಎಡಕ್ಕೆ ವಾಲಿತು. ಅವನ ಕೋಪಕ್ಕೆ ಕಾರಣ, ಸಾರು ಆರಿತ್ತಂತೆ, ಇಲ್ಲವೇ ಫೋನು ಎತ್ತಲಿಲ್ಲವಂತೆ, ಏನೋ ಒಂದು. ಅವಳಂತೂ ಹೇಳಲಿಲ್ಲ. ಪಕ್ಕದ ಮನೆಯವರಿಗೆ ಅಷ್ಟು ಕೇಳಿಸಿತ್ತು.

ಆ ಭಾನುವಾರ ಎಲ್ಲರೂ ಹೋದಮೇಲೆ ಬುನ್ಸೇ ಮಸಾತೊಗೆ ಅಂದ, "ನಾಳೆಯಿಂದ ಈ ಅಂಗಳಕ್ಕೆ ಕಾಲಿಡಬೇಡ."

ಮಸಾತೊ ಈ ಸಲ ಅಳಲಿಲ್ಲ. ಮೈ ಬಾಗಿಸಿ ನಿಂತೇ ಹೇಳಿದ. "ನೀವು ಹೇಳಿದ ಹಾಗೆ ಆಗ್ಲಿ ಮೇಷ್ಟ್ರೇ. ಆದ್ರೆ ನಾನು ಬರದ ಮನೆಗೆ ಇಕುಯೊ ಬರೋದೂ ಚೆನ್ನಾಗಿರಲ್ಲ. ಮಗುವೂ ಅಷ್ಟೇ. ಜನ ಏನಂತಾರೆ?"

ಮುಂದಿನ ಭಾನುವಾರ ಮಸಾತೊ ಎಂದಿನಂತೆ ಮೊದಲ ಸಾಲಿನಲ್ಲಿ ನಿಂತಿದ್ದ. ಬುನ್ಸೇ ಅವನಿಗೆ ಬಾಗಿ ನಮಸ್ಕಾರ ಮಾಡಿದ, ಅವನು ಬುನ್ಸೇಗೆ ಮಾಡಿದ, ಅಭ್ಯಾಸ ಶುರುವಾಯಿತು. ಹಾಗೆ ಮಾಡಿದ್ದಕ್ಕೆ ವಾರಕ್ಕೊಮ್ಮೆ ಮಗಳನ್ನೂ ಮೊಮ್ಮಗಳನ್ನೂ ಕಣ್ತುಂಬ ನೋಡಲು ಸಿಗುತ್ತಿತ್ತು. ನನಗಂತೂ ಆ ನಮಸ್ಕಾರ ನೋಡಿದಾಗಲೆಲ್ಲ ಕಲ್ಲೆತ್ತಿ ಹೊಡೆಯುವಷ್ಟು ಸಿಟ್ಟು. ಒಂದು ದಿನ ಅಂದೆ, "ಅಣ್ಣ, ನಾವಿಬ್ಬರೂ ಸೇರಿ ಅವನಿಗೆ ನಾಲ್ಕು ಬಿಟ್ರೆ ಹೆಂಗೆ?"

"ನಿನಗೆ ಅರವತ್ತೆರಡು. ನನಗೆ ಅರವತ್ತೈದು, ಒಂದು ಮಂಡಿ ಇಲ್ಲ," ಅಂದ ಬುನ್ಸೇ. "ಗೆದ್ವಿ ಅಂತಲೇ ಇಟ್ಕೋ. ಆಮೇಲೆ ಅವನು ಮನೆಗೆ ತಾನೆ ಹೋಗೋದು? ಮನೇಲಿ ಯಾರಿರ್ತಾರೆ?"

ಅವಳನ್ನು ಕರೆದುಕೊಂಡು ಬಂದುಬಿಡಬಹುದಿತ್ತಲ್ಲ ಅಂತ ನಿಮಗನಿಸಬಹುದು. ಅವನು ಕರೆದ. ಒಂದಲ್ಲ, ಐದಾರು ಸಲ. ಮಸಾತೊ ಗಿಬೊ ಮನೆಯ ಹಿರಿಮಗ, ಆ ಮನೆಯ ಹಿರಿಯರ ಫಲಕಗಳೆಲ್ಲ ಇಕುಯೊಳ ಕೈಯಲ್ಲಿ. ದಿನಾ ಬೆಳಿಗ್ಗೆ ಅವುಗಳ ಮುಂದೆ ಚಹಾ ಇಡಬೇಕಾದವಳು ಅವಳು. ಅವಳು ಹೊರಟರೆ ಮಗು ಆ ಮನೆಯದು, ಬಿಟ್ಟುಕೊಡುವುದಿಲ್ಲ. "ಮಗು ಬಿಟ್ಟು ಬರ್ಲಾ ಅಪ್ಪ?" ಅಂತ ಅವಳು ಕೇಳಿದಳು. ತಾಯಿಯಿಲ್ಲದ ಮನೆಯಲ್ಲಿ ಹೆಣ್ಣುಮಗು ಹೇಗೆ ಬೆಳೆಯುತ್ತದೆ ಅಂತ ಬುನ್ಸೇಗೆ ಗೊತ್ತಿತ್ತು.

ಹಾಗಾಗಿ ಅವನಿಗೆ ಗೊತ್ತಿದ್ದದ್ದು ಒಂದೇ, ಅದನ್ನೇ ಹಿಡಿದ. ಆ ಪಟ್ಟಿನಿಂದ ಬಿಡಿಸಿಕೊಳ್ಳುವ ಮರುಪಟ್ಟು ಹುಡುಕಿ ಅವಳಿಗೆ ಕಲಿಸಬೇಕು. ಒಂದು ಸಲ ಬಿಡಿಸಿಕೊಂಡರೆ ಸಾಕು, ಮತ್ತೊಂದು ಸಲ ಕೈ ಹಾಕಲು ಅವನು ಹೆದರುತ್ತಾನೆ ಅನ್ನುವುದು ಬುನ್ಸೇಯ ನಂಬಿಕೆ.

"ಓಮಿನೆ ಮೇಷ್ಟ್ರು ಹೇಳ್ಕೊಟ್ಟಿಲ್ವಾ ಮರುಪಟ್ಟು?" ಅಂದೆ.

ಅವನು ನೆಲ ನೋಡಿದ. "ಕೇಳಿದ್ದೆ. ನಕ್ಕರು. ಇದು ನಿನಗೊಬ್ಬನಿಗೇ ಗೊತ್ತು, ನಿನ್ನ ಮೇಲೆ ಇದನ್ನ ಯಾರು ಹಾಕ್ತಾರೆ, ಬಿಡಿಸ್ಕೊಳ್ಳೋಕೆ ಯಾಕೆ ಕಲೀಬೇಕು ಅಂದ್ರು. ನನಗೂ ಹೌದಲ್ಲ ಅನ್ನಿಸ್ತು. ನಾನೂ ಮಸಾತೊಗೆ ಅದನ್ನೇ ಹೇಳ್ದೆ."

ಮುನ್ನೂರು ವರ್ಷವೋ ಎಷ್ಟೋ, ಒಬ್ಬರಿಂದ ಒಬ್ಬರಿಗೆ ಬಂದ ಗುಟ್ಟು. ಗುಟ್ಟು ಹೊರಗೆ ಹೋಗದಿರಲಿ ಅಂತ ಕಾವಲು ಕೂತವರೇ ಎಲ್ಲರೂ. ಅದರೊಳಗೆ ಸಿಕ್ಕಿಕೊಂಡವರ ಕತೆಯೇನು ಅಂತ ಒಬ್ಬನಾದರೂ ಯೋಚಿಸಲಿಲ್ಲ. ವಿದ್ಯೆ ಅಂತೆ ವಿದ್ಯೆ.

ಅದಕ್ಕಾಗಿ ಮಂಗಳವಾರ, ಶುಕ್ರವಾರ ಮಧ್ಯಾಹ್ನ ನಾನು ಅವನ ಅಂಗಳಕ್ಕೆ ಹೋಗಬೇಕು. ಅವನು ನನ್ನ ತೋಳಿಗೆ ಆ ಪಟ್ಟು ಹಾಕಬೇಕು, ನಾನು ಬಿಡಿಸಿಕೊಳ್ಳಲು ನೋಡಬೇಕು. ನಲವತ್ತು ವರ್ಷ ಕಾದದ್ದು ಕೊನೆಗೂ ನನಗೆ ಸಿಕ್ಕಿತು, ಈ ರೀತಿಯಲ್ಲಿ. ಮೊದಲ ಸಲ ಅವನ ಬೆರಳು ತೋಳಿನೊಳಗೆ ಇಳಿದಾಗ ಕಣ್ಣು ಕತ್ತಲಿಟ್ಟು ಮಂಡಿಯೂರಿದೆ. ಕಿರುಚಲೂ ಉಸಿರು ಬರಲಿಲ್ಲ. ನನ್ನಂಥ ಗಟ್ಟಿ ಆಳಿಗೆ ಹೀಗಾದರೆ ಆ ಹುಡುಗಿಗೆ ಹೇಗಾಗಿರಬೇಕು ಅಂತ ಯೋಚನೆ ಬಂದು, ಅಲ್ಲೇ ಕೂತು ಅತ್ತುಬಿಟ್ಟೆ. ಬುನ್ಸೇ ಹೆಂಚಿನ ಅಟ್ಟಿಯ ಕಡೆ ತಿರುಗಿ ನಿಂತಿದ್ದ.

ನಾಲ್ಕು ತಿಂಗಳು ಮಾಡಿದೆವು. ಒಳಕ್ಕೆ ತಿರುಗಿ ನೋಡಿದೆ, ಹೊರಕ್ಕೆ ತಿರುಗಿ ನೋಡಿದೆ. ಹಣೆಯಿಂದ ಗುದ್ದಿದೆ, ಹಿಮ್ಮಡಿಯಿಂದ ಪಾದ ತುಳಿದೆ, ಕಚ್ಚಿದೆ. ಬುನ್ಸೇಯ ಕೆನ್ನೆಯ ಮೇಲೆ ನನ್ನ ಹಲ್ಲಿನ ಗುರುತು ಹದಿನೈದು ದಿನ ಇತ್ತು, ಗರಡಿಯವರು ಕೇಳಿದರೆ ಬೆಕ್ಕು ಅಂದ. ಮನೆಯಲ್ಲಿ ನನ್ನ ಎಡಗೈಯಲ್ಲಿ ಟಿವಿಯ ಗುಂಡಿಯೂ ಒತ್ತಲು ಆಗುತ್ತಿರಲಿಲ್ಲ. ಹೆಂಡತಿ, "ಈ ವಯಸ್ಸಲ್ಲಿ ಇಬ್ಬರಿಗೂ ಏನ್ ಹುಚ್ಚು ಹಿಡೀತು?" ಅಂತ ಎಣ್ಣೆ ತಿಕ್ಕುತ್ತಿದ್ದಳು. ಯಾವುದೂ ಕೆಲಸ ಮಾಡಲಿಲ್ಲ. ಪಟ್ಟು ಬೀಳುವ ಒಂದು ಗಳಿಗೆ ಮುಂಚೆ ಗೊತ್ತಾದರೆ ತಪ್ಪಿಸಿಕೊಳ್ಳಬಹುದು. ಬಿದ್ದ ಮೇಲೆ ಇಲ್ಲ. ನೋವಿಗೆ ಮೈ ಬಿಗಿದಷ್ಟೂ ಅದು ಒಳಗೆ ಇಳಿಯುತ್ತದೆ, ನೋವಾದಾಗ ಮೈ ಬಿಗಿಯದವರು ಯಾರಿದ್ದಾರೆ?

ಡಿಸೆಂಬರ್ ಹೊತ್ತಿಗೆ ಒಂದು ದಾರಿ ಸಿಕ್ಕ ಹಾಗಾಯಿತು. ಭುಜವನ್ನು ಕೆಳಗೆ ಬಿಟ್ಟು, ಅವನದೇ ಮೊಳಕೈಯ ಅಡಿಗೆ ನುಗ್ಗುವುದು. ಹತ್ತಕ್ಕೆ ಎರಡು ಸಲ ನಾನು ಹೊರಗೆ ಬಂದೆ. ಅದೂ ಬುನ್ಸೇಯ ಮಂಡಿ ಕೈಕೊಟ್ಟದ್ದಕ್ಕೋ ಏನೋ. ಆದರೂ ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು.

"ಹತ್ತಕ್ಕೆರಡು ಕಣೋ. ಸೊನ್ನೆಗಿಂತ ಎಷ್ಟೋ ಮೇಲು," ಅಂದ.

ಬುಧವಾರ ಮಧ್ಯಾಹ್ನ ಇಕುಯೊಳನ್ನು ಕರೆಸಿದ. ಮಸಾತೊ ಊರ ಆಚೆ ಕೆಲಸದ ಮೇಲಿದ್ದ, ಮಗು ಶಾಲೆಯಲ್ಲಿತ್ತು. ಅವಳು ಕೊಡೆ ಮಡಚಿ ಗೋಡೆಗೆ ಒರಗಿಸಿ, ನನಗೆ ಬಾಗಿ, "ಕೈ ಹೆಂಗಿದೆ ಮಾಮ? ಅತ್ತೆ ಹೇಳಿದ್ರು, ಎಣ್ಣೆ ಹಚ್ಕೋತಿದೀರಂತೆ," ಅಂದಳು. ನಾನು ಏನೋ ಗೊಣಗಿದೆ.

"ಬಾ ಇಲ್ಲಿ," ಅಂದ ಬುನ್ಸೇ. "ಇವತ್ತು ನಿನಗೊಂದು ಬಿಡಿಸಿ ತೋರಿಸ್ತೀನಿ. ಮುಂಚೆಯೇ ತೋರಿಸಬೇಕಿತ್ತು. ಎಡಗೈ ಕೊಡು. ನಾನು ಮೆತ್ತಗೆ ಹಿಡೀತೀನಿ, ನೋವಾಗಲ್ಲ. ನಾನು ಹೇಳಿದಾಗ ಭುಜ ಕೆಳಗೆ ಬಿಟ್ಟು, ನನ್ನ ಮೊಳಕೈ ಅಡಿ ನುಗ್ಗು. ಅಷ್ಟೇ."

ಅವಳು ತಂದೆಯ ಮುಖ ನೋಡಿದಳು. ಈ ಸಲ ವಾಷಿಂಗ್ ಮೆಷಿನ್ ಅನ್ನಲಿಲ್ಲ. ತೋಳು ಕೊಟ್ಟಳು.

ಬುನ್ಸೇ ಹಿಡಿದ. ಅವನ ಬೆರಳು ಇನ್ನೂ ಪೂರ್ತಿ ಮುಚ್ಚಿರಲಿಲ್ಲ, ಅಷ್ಟರಲ್ಲೇ ಅವಳ ಮೈಯೆಲ್ಲ ಸಡಿಲವಾಯಿತು. ಮುಖ ಪಕ್ಕಕ್ಕೆ ತಿರುಗಿತು, ಕಣ್ಣು ಮುಚ್ಚಿತು, ತೋಳು ಒಣಹಾಕಿದ ಬಟ್ಟೆಯ ಹಾಗೆ ಅವನ ಕೈಯಲ್ಲಿ ಇಳಿಬಿತ್ತು. ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟಳು. ನಾಲ್ಕು ತಿಂಗಳಲ್ಲಿ ನಾನು ಒಂದು ಸಲವೂ ಮಾಡಲಾಗದೇ ಹೋದದ್ದು ಅದು. ಅಷ್ಟು ಸಡಿಲವಾದ ಮೈಯಲ್ಲಿ ಆ ಪಟ್ಟಿಗೆ ಒಳಗಿಳಿಯಲು ಏನೂ ಸಿಗುವುದಿಲ್ಲ, ಅರ್ಧಕ್ಕರ್ಧ ನೋವೇ ಆಗುವುದಿಲ್ಲ. ಅದನ್ನು ಅವಳು ಯಾರಿಂದಲೂ ಕಲಿತಿರಲಿಲ್ಲ. ಎಷ್ಟು ಸಲ ಆದಮೇಲೆ ಕಲಿತಳೋ.

"ನುಗ್ಗು," ಅಂದ ಬುನ್ಸೇ. "ಇಕುಯೊ, ನುಗ್ಗಮ್ಮ."

"ಬೇಡಪ್ಪ. ನುಗ್ಗಿದ್ರೆ ಇನ್ನೂ ಹೊತ್ತು ಹಿಡೀತಾರೆ. ಹೀಗೆ ನಿಂತ್ರೆ ಬೇಗ ಮುಗಿಯುತ್ತೆ." ಕಣ್ಣು ಮುಚ್ಚಿಕೊಂಡೇ ಹೇಳಿದಳು, ಅಡಿಗೆಯ ವಿಷಯ ಹೇಳುವವಳ ಹಾಗೆ. ಆಮೇಲೆ ಅಂದಳು, "ನಿನ್ನ ಹೆಬ್ಬೆರಳು ಮೇಲಾಯ್ತು. ಅವರು ಇನ್ನೂ ಒಳಗಿಡ್ತಾರೆ."

ಬುನ್ಸೇಯ ಕೈ ಅಲ್ಲೇ ಇತ್ತು. ತೆಗೆಯಬೇಕು ಅನ್ನುವುದೂ ಅವನಿಗೆ ಹೊಳೆಯಲಿಲ್ಲವೇನೋ. ನಾನು ಹತ್ತಿರ ಹೋಗಬೇಕೆಂದು ಎದ್ದವನು ಹಾಗೇ ನಿಂತೆ. ಇಕುಯೊ ಕಣ್ಣು ತೆರೆದು, ಗೋಡೆಯ ಮೇಲಿದ್ದ ಗಡಿಯಾರ ನೋಡಿದಳು.

"ಕೈ ಬಿಡಪ್ಪ," ಅಂದಳು ಮೆಲ್ಲಗೆ. "ಮಗು ಶಾಲೆಯಿಂದ ಬರೋ ಹೊತ್ತಾಯ್ತು."